ಟೈರಿಗೆ ಎರಡು ದಿನ, ಮನುಷ್ಯನಿಗೆ ಎರಡು ವರ್ಷ

2025ರ ಅಕ್ಟೋಬರ್ ಮೊದಲ ವಾರ ಸಿಂಗಪುರದಲ್ಲಿ ಫಾರ್ಮುಲಾ ಒನ್ ರೇಸ್ ನಡೆಯುವ ಮುನ್ನ ‘ಹೀಟ್ ಹಜಾರ್ಡ್’, ಅಂದರೆ ಸೆಕೆಯ ಅಪಾಯದ ಘೋಷಣೆ ಹೊರಬಿತ್ತು. ಶಾಖ ಸೂಚ್ಯಂಕ 31 ಡಿಗ್ರಿ ದಾಟುವ ಮುನ್ಸೂಚನೆ ಇದ್ದರೆ, ಚಾಲಕನ ಮೈಯನ್ನು ತಂಪಾಗಿಡುವ ಉಪಕರಣ ಕಾರಿನಲ್ಲಿ ಇರಲೇಬೇಕು ಎನ್ನುವ ಹೊಸ ನಿಯಮ ಮೊದಲ ಬಾರಿಗೆ ಜಾರಿಗೆ ಬಂದದ್ದು ಅಲ್ಲಿ. ಬಳ್ಳಾರಿಯಲ್ಲಿ ಈ ರೇಸುಗಳನ್ನು ನೋಡುವವರು ನಾವು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಬಹುಪಾಲು ಮಂದಿ ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕರು. ‘31ಕ್ಕೇ ಅಪಾಯವಂತೆ! ನಮ್ಮಲ್ಲಿ ಅಷ್ಟಿದ್ದರೆ ಮಕ್ಕಳಿಗೆ ಸ್ವೆಟರ್ ಹಾಕುತ್ತೇವೆ’ ಎಂದು ಒಬ್ಬ. ‘ಮೇ ತಿಂಗಳಲ್ಲಿ ಒಮ್ಮೆ ಕೌಲ್ ಬಜಾರಿಗೆ ಕರೆದುಕೊಂಡು ಬನ್ನಿ ಆ ಚಾಂಪಿಯನ್ ಚಾಲಕ ವರ್ಸ್ಟ್ಯಾಪನ್‌ನನ್ನು’ ಎಂದು ಇನ್ನೊಬ್ಬ. ನಗುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಈ ನಿಯಮ ಎಲ್ಲಿಂದ ಬಂತು, ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ನೋಡಿದರೆ ಈ ನಗು ಸ್ವಲ್ಪ ದುಬಾರಿ ಅನಿಸುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಆ 31ರ ವಿಚಾರ. ಅದು ಬರೀ ಥರ್ಮಾಮೀಟರಿನ ಅಂಕಿಯಲ್ಲ, ಗಾಳಿಯಲ್ಲಿರುವ ತೇವವನ್ನೂ ಸೇರಿಸಿ ತೆಗೆದ ಲೆಕ್ಕ. ನಮ್ಮ ಬಳ್ಳಾರಿಯ ಬಿಸಿಲು ಕ್ರೂರಿ, ಆದರೆ ಒಣ ಬಿಸಿಲು. ಬೆವರು ಬಂದಷ್ಟೇ ಬೇಗ ಆರುತ್ತದೆ, ಆರುವಾಗ ಮೈಯ ಕಾವನ್ನೂ ಕೊಂಡೊಯ್ಯುತ್ತದೆ. ಕಡಲ ಬದಿಯ ಊರಿನಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಅದರ ಮೇಲೆ ಬೆಂಕಿ ತಾಳುವ ಒಳಅಂಗಿ, ಅದರ ಮೇಲೆ ಹಲವು ಪದರಗಳ ಸೂಟ್, ಕೈಗವಸು, ಮುಖ ಮುಚ್ಚುವ ಕುಲಾವಿ, ಹೆಲ್ಮೆಟ್. ಬೆನ್ನ ಹಿಂದೆಯೇ ಎಂಜಿನ್, ಸುತ್ತಲೂ ಕಾದ ಯಂತ್ರಭಾಗಗಳು. ಕುಡಿಯಲೆಂದು ಇಟ್ಟ ನೀರು ಅರ್ಧ ರೇಸಿನ ಹೊತ್ತಿಗೆ ಚಹಾದಷ್ಟು ಬಿಸಿಯಾಗಿರುತ್ತದೆ ಎಂದು ಚಾಲಕರೇ ಹೇಳಿದ್ದಾರೆ. ಈ ಸ್ಥಿತಿಯಲ್ಲಿ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ತಿರುವು ನೋಡಿಕೊಳ್ಳಬೇಕು.

ಇದೆಲ್ಲ ಒಂದೇ ರಾತ್ರಿ ಜಗತ್ತಿನ ಕಣ್ಣಿಗೆ ಬಿದ್ದದ್ದು 2023ರ ಅಕ್ಟೋಬರ್ 8ರಂದು, ಕತಾರಿನ ಲುಸೈಲ್ ಟ್ರ್ಯಾಕಿನಲ್ಲಿ. ನಮ್ಮ ಕಾಲಮಾನದಲ್ಲಿ ರಾತ್ರಿ ಹತ್ತೂವರೆಗೆ ಶುರುವಾದ ರೇಸ್, 57 ಸುತ್ತು. ಪ್ರಶಸ್ತಿಯ ಕುತೂಹಲ ಏನೂ ಉಳಿದಿರಲಿಲ್ಲ. ಹಿಂದಿನ ದಿನದ ಸ್ಪ್ರಿಂಟ್ ಎಂಬ ಚಿಕ್ಕ ರೇಸಿನಲ್ಲೇ ಮ್ಯಾಕ್ಸ್ ವರ್ಸ್ಟ್ಯಾಪನ್ ಮೂರನೇ ಬಾರಿಗೆ ವಿಶ್ವ ಚಾಂಪಿಯನ್ ಆಗಿಬಿಟ್ಟಿದ್ದ. ಆ ಸ್ಪ್ರಿಂಟ್ ಗೆದ್ದದ್ದು ಅದೇ ವರ್ಷ ಫಾರ್ಮುಲಾ ಒನ್‌ಗೆ ಕಾಲಿಟ್ಟಿದ್ದ ಆಸ್ಕರ್ ಪಿಯಾಸ್ಟ್ರಿ. ಭಾನುವಾರದ ರೇಸಿನ ಮೊದಲ ತಿರುವಿನಲ್ಲೇ ಮರ್ಸಿಡಿಸ್‌ನ ಹ್ಯಾಮಿಲ್ಟನ್ ತನ್ನದೇ ತಂಡದ ರಸೆಲ್‌ಗೆ ತಗುಲಿ ಹೊರಬಿದ್ದ. ಕೊನೆಗೆ ಗೆದ್ದದ್ದು ವರ್ಸ್ಟ್ಯಾಪನ್, ಎರಡನೆಯವನು ಪಿಯಾಸ್ಟ್ರಿ, ಮೂರನೆಯವನು ನಾರಿಸ್. ಫಲಿತಾಂಶ ಇಷ್ಟೇ, ಇದನ್ನು ಯಾರೂ ನೆನಪಿಟ್ಟುಕೊಂಡಿಲ್ಲ.

ನೆನಪಿರುವುದು ಬೇರೆ. ಎಸ್ತೆಬಾನ್ ಒಕಾನ್ ರೇಸಿನ ನಡುವೆಯೇ ಹೆಲ್ಮೆಟ್ಟಿನೊಳಗೆ ವಾಂತಿ ಮಾಡಿಕೊಂಡ. ಹಾಗೆಯೇ ಓಡಿಸಿ ಏಳನೆಯವನಾಗಿ ಬಂದ. ಲೋಗನ್ ಸಾರ್ಜೆಂಟ್‌ಗೆ ಆ ವಾರ ಮೊದಲೇ ಮೈ ಸರಿಯಿರಲಿಲ್ಲ, ಅರ್ಧಕ್ಕಿಂತ ಹೆಚ್ಚು ದೂರ ಎಳೆದು ಕೊನೆಗೆ ಕೈಚೆಲ್ಲಿದ. ವೇಗದ ತಿರುವುಗಳಲ್ಲಿ ಪ್ರಜ್ಞೆ ತಪ್ಪಿದಂತಾಗುತ್ತಿತ್ತು ಎಂದು ಲ್ಯಾನ್ಸ್ ಸ್ಟ್ರೋಲ್ ಹೇಳಿದ. ಕಾರಿನಿಂದ ಇಳಿದಾಗ ಅವನ ಕಾಲುಗಳು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಅಲೆಕ್ಸ್ ಆಲ್ಬನ್‌ನನ್ನು ಟ್ರ್ಯಾಕಿನ ವೈದ್ಯಕೀಯ ಕೇಂದ್ರಕ್ಕೆ ಕರೆದೊಯ್ದರು. ಎರಡು ಬಾರಿಯ ಚಾಂಪಿಯನ್, ನಲವತ್ತು ದಾಟಿದ ಅಲೊನ್ಸೊ, ಸೀಟು ಸುಡುತ್ತಿದೆ, ಪಿಟ್‌ಗೆ (ಟೈರು ಬದಲಿಸುವ ಜಾಗಕ್ಕೆ) ಬಂದಾಗ ಮೈಮೇಲೆ ನೀರು ಸುರಿಯಲು ಆಗುತ್ತದೆಯೇ ಎಂದು ರೇಡಿಯೋದಲ್ಲಿ ಕೇಳಿದ. ಜಗತ್ತಿನ ಅತ್ಯಂತ ಸಿರಿವಂತ ಆಟದಲ್ಲಿ ಒಬ್ಬ ಚಾಲಕ ಒಂದು ಬಕೆಟ್ ನೀರಿಗಾಗಿ ಅಂಗಲಾಚುತ್ತಿದ್ದ. ವಿಜೇತರ ವೇದಿಕೆ ಏರುವ ಮುನ್ನ ಪಿಯಾಸ್ಟ್ರಿ ಕೋಣೆಯ ನೆಲದ ಮೇಲೆ ಮಲಗಿಬಿಟ್ಟಿದ್ದ.

ಇವರು ಸೋಮಾರಿಗಳಲ್ಲ. ಬೆಳಗಾದರೆ ಮೈ ದಂಡಿಸುವ, ಸೆಕೆಗೆ ಒಗ್ಗಿಕೊಳ್ಳಲು ಸೌನಾದಲ್ಲಿ ಕುಳಿತು ಅಭ್ಯಾಸ ಮಾಡುವ ಕ್ರೀಡಾಪಟುಗಳು. ಅಂಥವರೇ ಹೀಗಾದರು ಎಂದರೆ ಸೆಕೆಯ ಜೊತೆಗೆ ಇನ್ನೇನೋ ಸೇರಿತ್ತು ಎಂದರ್ಥ. ನನ್ನ ತಕರಾರು ಇರುವುದೇ ಅಲ್ಲಿ.

ಶುಕ್ರವಾರದ ಅಭ್ಯಾಸದ ನಂತರ ಟೈರು ಒದಗಿಸುವ ಪಿರೆಲ್ಲಿ ಕಂಪನಿಯವರು ಟೈರುಗಳನ್ನು ಕತ್ತರಿಸಿ ನೋಡಿದರು. ಟ್ರ್ಯಾಕಿನ ಅಂಚಿನ ಚೂಪು ಕಟ್ಟೆಗಳ (ಕರ್ಬ್) ಮೇಲೆ ಪದೇಪದೇ ಹತ್ತಿಳಿದು ಟೈರಿನ ಪಕ್ಕದ ಗೋಡೆಯಲ್ಲಿ ಪದರಗಳು ಬಿಡತೊಡಗಿದ್ದವು. ಶನಿವಾರ ಎರಡು ತಿರುವುಗಳಲ್ಲಿ ಟ್ರ್ಯಾಕಿನ ಗಡಿಗೆರೆಯನ್ನು ಒಳಗೆ ಸರಿಸಿದರು. ಭಾನುವಾರ ನಿಯಮ ಬಂತು: ಒಂದು ಸೆಟ್ ಟೈರು 18 ಸುತ್ತಿಗಿಂತ ಹೆಚ್ಚು ಓಡುವಂತಿಲ್ಲ. ಎಲ್ಲರೂ ಕನಿಷ್ಠ ಮೂರು ಬಾರಿ ಪಿಟ್‌ಗೆ ಬರಲೇಬೇಕಾಯಿತು. ಎರಡೇ ದಿನದಲ್ಲಿ ಪರೀಕ್ಷೆ, ವರದಿ, ನಿಯಮ, ಜಾರಿ ಎಲ್ಲವೂ ಮುಗಿದಿತ್ತು.

ಆ ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. 2021ರಲ್ಲಿ ಬಾಕುವಿನ ನೇರ ರಸ್ತೆಯಲ್ಲಿ ಸ್ಟ್ರೋಲ್ ಮತ್ತು ವರ್ಸ್ಟ್ಯಾಪನ್ ಇಬ್ಬರ ಟೈರೂ ಒಡೆದು ಕಾರುಗಳು ಗೋಡೆಗೆ ಅಪ್ಪಳಿಸಿದ್ದನ್ನು ಕಂಡವರು ಯಾರೂ ಹಾಗೆ ಹೇಳುವುದಿಲ್ಲ. ಆದರೆ ಅದರ ಅಡ್ಡಪರಿಣಾಮ ನೋಡಿ. ಸಾಮಾನ್ಯವಾಗಿ ಈ ಚಾಲಕರು ಟೈರು ಸವೆಯದಂತೆ ಅಲ್ಲಲ್ಲಿ ಕಾಲು ಸಡಿಲಿಸಿ ಓಡಿಸುತ್ತಾರೆ. ಆ ಸಡಿಲಿನಲ್ಲೇ ಉಸಿರು ತೆಗೆದುಕೊಳ್ಳುತ್ತಾರೆ. ಟೈರು 18 ಸುತ್ತಿಗೇ ಬದಲಾಗುತ್ತದೆ ಎಂದ ಮೇಲೆ ಉಳಿಸುವುದು ಯಾರಿಗಾಗಿ? 57 ಸುತ್ತನ್ನೂ ಪೂರ್ಣ ವೇಗದಲ್ಲೇ ಓಡಿಸಿದರು. ಟೈರಿಗೆ ಸಿಕ್ಕ ವಿಶ್ರಾಂತಿಯನ್ನು ಚಾಲಕನ ಮೈಯಿಂದ ವಸೂಲಿ ಮಾಡಲಾಯಿತು. ಆ ಮೈಗಾಗಿ ನಿಯಮ ಬಂದದ್ದು 2025ಕ್ಕೆ. (2024ರ ಕತಾರ್ ರೇಸ್ ಡಿಸೆಂಬರ್ 1ಕ್ಕೆ ನಡೆದದ್ದನ್ನು ತೋರಿಸಿ ಕೂಡಲೇ ಎಚ್ಚೆತ್ತುಕೊಂಡರು ಎನ್ನುವವರಿಗೆ: ಆ ದಿನಾಂಕ 2023ರ ರೇಸಿಗೂ ಮೊದಲೇ ಗೊತ್ತಾಗಿತ್ತು.)

ನನ್ನ ಸೋದರಮಾವ ಸಂಡೂರು ಸೀಮೆಯಲ್ಲಿ ಅದಿರು ಲಾರಿ ಓಡಿಸಿ ತಲೆ ನರೆಸಿಕೊಂಡವರು. ಕತಾರಿನ ವಿಡಿಯೊ ತುಣುಕುಗಳನ್ನು ಅವರಿಗೆ ತೋರಿಸಿದೆ. ಒಕಾನ್ ವಾಂತಿಯ ಕಥೆಗೆ ಅವರು ಬೆರಗಾಗಲಿಲ್ಲ. ‘ಕ್ಯಾಬಿನ್ನಿನಲ್ಲಿ ನಮಗೂ ಆಗುತ್ತದೆ, ಗಾಡಿ ನಿಲ್ಲಿಸಿ ಇಳಿಯುತ್ತೇವೆ. ಅವನಿಗೆ ನಿಲ್ಲಿಸುವುದಕ್ಕಿಲ್ಲ, ಪಾಪ’ ಎಂದರು. ಟೈರಿನ ಸಂಗತಿ ಹೇಳಿದಾಗ ಮಾತ್ರ ಜೋರಾಗಿ ನಕ್ಕರು.

‘ಅಲ್ಲಿಯೂ ಹಾಗೆಯೇ ಏನಪ್ಪಾ? ಗಾಡಿ ಹೊರಡುವ ಮೊದಲು ಕ್ಲೀನರ್ ಹುಡುಗ ರಾಡಿನಿಂದ ಒಂದೊಂದು ಟೈರಿಗೂ ಬಡಿದು ಗಾಳಿ ನೋಡುತ್ತಾನೆ. ಮಾಲೀಕ ಫೋನ್ ಮಾಡಿದರೂ ಮೊದಲು ಕೇಳುವುದು ಟೈರು ಹೇಗಿದೆ ಎಂದೇ. ನೀನು ಉಂಡೆಯಾ, ಮಲಗಿದೆಯಾ ಎಂದು ಕೇಳಿದವನನ್ನು ನಾನಂತೂ ಕಾಣೆ.’

‘ಮತ್ತೆ ನೀವು ಯಾಕೆ ಕೇಳಲಿಲ್ಲ, ಮಾವ?’

‘ಕೇಳಿದರೆ ಗಾಡಿ ಇನ್ನೊಬ್ಬನ ಕೈಗೆ ಹೋಗುತ್ತದೆ. ಟೈರಿಗಾದರೆ ದುಡ್ಡು ಕೊಡಬೇಕು.’

ಈಗ ಒಂದು ಕಾಕತಾಳೀಯ ಕೇಳಿ. ಸಿಂಗಪುರದ ಆ ರೇಸ್ ನಡೆದದ್ದು 2025ರ ಅಕ್ಟೋಬರ್ 5ರಂದು. ಅದಕ್ಕೆ ನಾಲ್ಕು ದಿನ ಮೊದಲು, ಅಕ್ಟೋಬರ್ 1ರಿಂದ, ನಮ್ಮ ದೇಶದಲ್ಲಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2023ರ ಡಿಸೆಂಬರಿನಲ್ಲಿ, ಕತಾರ್ ರೇಸ್ ಮುಗಿದು ಎರಡು ತಿಂಗಳಿಗೆ. ಎರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ ಎಂಬುದು ನನಗೆ ಗೊತ್ತು. ಆದರೂ ಕೋಟಿಗಟ್ಟಲೆ ಸಂಬಳದ ಚಾಲಕನಿಗೂ ಸಂಡೂರಿನ ಚಾಲಕನಿಗೂ ಒಂದೇ ವಾರದಲ್ಲಿ ತಂಪು ಗಾಳಿಯ ಹಕ್ಕು ಸಿಕ್ಕಿತೆಂದರೆ ನನಗೆ ಖುಷಿಯೇ. ಊರಿನಲ್ಲಿ ಕೆಲವರು ಆಗಲೇ ರಾಗ ತೆಗೆದಿದ್ದಾರೆ: ಎಸಿ ಹಾಕಿದರೆ ಡೀಸೆಲ್ ಕುಡಿಯುತ್ತದೆ, ತಂಪಿಗೆ ಡ್ರೈವರ್ ನಿದ್ದೆ ಹೋಗುತ್ತಾನೆ. ಇದನ್ನು ಹೇಳುವವರು ತಮ್ಮ ಕಾರಿನಲ್ಲಿ ಎಸಿ ಹಾಕಿಕೊಂಡೇ ಹೊಸಪೇಟೆಗೆ ಹೋಗಿ ಬರುತ್ತಾರೆ. ಅವರಿಗೆ ನಿದ್ದೆ ಬಂದ ವರ್ತಮಾನವಿಲ್ಲ.

ಬಿಸಿಲಿಗೆ ತಕ್ಕಂತೆ ನಿಯಮ ಬದಲಾಯಿಸುವುದು ನಮಗೆ ಹೊಸದೂ ಅಲ್ಲ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಅಂದರೆ ನಮ್ಮಲ್ಲೂ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಇಳಿಸುವ ಪದ್ಧತಿ ಇದೆ. ಒಳ್ಳೆಯ ಪದ್ಧತಿ, ನಾನು ಮೆಚ್ಚುತ್ತೇನೆ. ಆದರೆ ಫ್ಯಾನಿನ ಕೆಳಗೆ ಕುಳಿತವರಿಗೆ ಒಂದೂವರೆಗೆ ಬಿಡುಗಡೆ. ಲಾರಿ ತೂಗುವ ತೂಕದ ಸೇತುವೆಯ (ವೇಬ್ರಿಡ್ಜ್) ಮುಂದೆ ಸಾಲಾಗಿ ನಿಂತ ಲಾರಿಗಳಲ್ಲಿ ಕುಳಿತವರಿಗೆ ಇಲ್ಲ. ನಮ್ಮೂರಿನ ಜೀನ್ಸ್ ದೇಶವೆಲ್ಲ ಮಾರಾಟವಾಗುತ್ತದೆ ಎಂದು ಎದೆ ಉಬ್ಬಿಸುತ್ತೇವಲ್ಲ, ಅದನ್ನು ತೊಳೆದು ಒಣಗಿಸುವ ವಾಷಿಂಗ್ ಘಟಕಗಳಲ್ಲಿ ಬಾಯ್ಲರ್ ಹಬೆಯ ನಡುವೆ ನಿಂತವರಿಗೂ ಇಲ್ಲ. ಆ ತಗಡಿನ ಶೆಡ್ಡುಗಳೊಳಗೆ ನಮ್ಮ ಒಣ ಬಿಸಿಲಿನ ರಿಯಾಯಿತಿಯೂ ಸಿಗುವುದಿಲ್ಲ. ಅಲ್ಲಿ ಬೆವರು ಆರುವುದಿಲ್ಲ. ಲುಸೈಲ್ ಹೇಗಿತ್ತು ಎಂದು ತಿಳಿಯಬೇಕಾದರೆ ವಿಮಾನ ಹತ್ತಬೇಕಿಲ್ಲ.

‘ಹಿಂದಿನ ಕಾಲದವರು ಎಂಥ ಗಟ್ಟಿಗರು, ಇವರೆಲ್ಲ ಮೆತ್ತಗಿನವರು’ ಎನ್ನುವ ವಾದ ಬಂದೇ ಬರುತ್ತದೆ, ಅದಕ್ಕೂ ಉತ್ತರಿಸಿಬಿಡುತ್ತೇನೆ. 1955ರ ಜನವರಿಯಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಅರ್ಜೆಂಟೀನಾ ಗ್ರ್ಯಾನ್ ಪ್ರಿಯನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಉರಿಬಿಸಿಲಿನಲ್ಲಿ ಮೂರು ಗಂಟೆ ಒಬ್ಬನೇ ಓಡಿಸಿ ಹ್ವಾನ್ ಮಾನ್ವೆಲ್ ಫಾಂಜಿಯೊ ಗೆದ್ದ, ನಿಜ. ಆದರೆ ಉಳಿದ ಕಥೆಯನ್ನು ಯಾರೂ ಹೇಳುವುದಿಲ್ಲ. ಕಾರು ಬೇರೆಯವರಿಗೆ ಕೊಡದೆ ಪೂರ್ತಿ ಓಡಿಸಿದವರು ಅವನು ಮತ್ತು ರೊಬೆರ್ತೊ ಮಿಯೆರೆಸ್ ಇಬ್ಬರೇ, ಇಬ್ಬರೂ ಅದೇ ನೆಲದವರು. ಎರಡನೆಯ ಸ್ಥಾನಕ್ಕೆ ಬಂದ ಫೆರಾರಿಯನ್ನು ಮೂವರು ಚಾಲಕರು ಸರದಿಯ ಮೇಲೆ ಓಡಿಸಿದ್ದರು! ಆಗಿನ ನಿಯಮದಲ್ಲಿ ದಣಿದವನು ಇಳಿದು ಇನ್ನೊಬ್ಬನಿಗೆ ಸ್ಟಿಯರಿಂಗ್ ಕೊಡಬಹುದಿತ್ತು. ಆ ಗಟ್ಟಿಗರಿಗಿದ್ದ ಈ ಅವಕಾಶ ಇಂದಿನ ಮೆತ್ತಗಿನವರಿಗೆ ಇಲ್ಲ.

ಹೊಸ ನಿಯಮದಲ್ಲಿ ನನಗೆ ಹಿಡಿಸಿದ್ದು ಅದರ ತೂಕದ ಲೆಕ್ಕ. ಅಪಾಯ ಘೋಷಣೆಯಾದರೆ ತಂಪಿನ ಉಪಕರಣ ಎಲ್ಲರ ಕಾರಿನಲ್ಲೂ ಇರಬೇಕು, ಕಾರಿನ ಕನಿಷ್ಠ ತೂಕವನ್ನೂ ಅದಕ್ಕೆ ತಕ್ಕಂತೆ ಏರಿಸುತ್ತಾರೆ. ತಣ್ಣನೆಯ ದ್ರವ ಹರಿಯುವ ಸಣ್ಣ ಕೊಳವೆಗಳ ಮೇಲಂಗಿಯನ್ನು ತೊಡುವುದು ಬಿಡುವುದು 2025ರಲ್ಲಿ ಚಾಲಕನ ಇಷ್ಟವಾಗಿತ್ತು. ವರ್ಸ್ಟ್ಯಾಪನ್ ತನಗೆ ಆ ಕೊಳವೆಗಳು ಕಿರಿಕಿರಿ, ಬೇಡ ಎಂದ. ಬೇಡವಾದರೆ ಬಿಡಬಹುದಿತ್ತು, ಆದರೆ ಅರ್ಧ ಕಿಲೋ ತೂಕವನ್ನು ಕಾರಿನಲ್ಲಿ ಹೊತ್ತೊಯ್ಯಬೇಕಿತ್ತು. ಸೆಕೆ ತಡೆದುಕೊಂಡವನಿಗೆ ಲಾಭ ಸಿಗಬಾರದು ಎಂಬುದು ಇದರ ಉದ್ದೇಶ. ಲಾಭ ಸಿಗುತ್ತದೆ ಎಂದಾದರೆ ಎಲ್ಲರೂ ತಡೆದುಕೊಳ್ಳಲೇಬೇಕಾಗುತ್ತದೆ. ಮಾವ ಗಾಡಿ ಇನ್ನೊಬ್ಬನ ಕೈಗೆ ಹೋಗುತ್ತದೆ ಎಂದದ್ದೂ ಇದೇ ಲೆಕ್ಕ.

ಎಸಿ ನಿಯಮ ಹೊಸದಾಗಿ ತಯಾರಾಗುವ ಲಾರಿಗಳಿಗೆ ಮಾತ್ರ. ಈಗಾಗಲೇ ರಸ್ತೆಯಲ್ಲಿರುವ ಗಾಡಿಗಳು ಇನ್ನೂ ಎಷ್ಟೋ ಬೇಸಿಗೆ ಓಡುತ್ತವೆ. ಹಾಗಾಗಿ ನಮ್ಮ ಜಿಲ್ಲಾಡಳಿತ, ಗಣಿ ಮಾಲೀಕರು, ಲಾರಿ ಮಾಲೀಕರ ಸಂಘಗಳು ಕೂಡಿ ಕುಳಿತು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಲೋಡಿಂಗ್ ನಿಲ್ಲಿಸಲಿ, ತೂಕದ ಸೇತುವೆಯ ಬಳಿ ನೆರಳಿನ ಚಪ್ಪರ ಮತ್ತು ಕುಡಿಯುವ ನೀರು ಇಡಲಿ. ಎಲ್ಲರಿಗೂ ಒಂದೇ ವೇಳೆ ಆದರೆ ಯಾರ ಗಾಡಿಯೂ ಇನ್ನೊಬ್ಬನ ಕೈಗೆ ಹೋಗುವುದಿಲ್ಲ. ಇದಕ್ಕೆ ಯಾವ ಸಂಶೋಧನೆಯೂ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಲೋಡಿಂಗ್ ವ್ಯವಹಾರ ನನಗಿಂತ ಚೆನ್ನಾಗಿ ಬಲ್ಲವರು ಈ ಬರಹ ಓದುತ್ತಿದ್ದರೆ, ಮೂರು ಗಂಟೆ ನಿಲ್ಲಿಸಿದರೆ ನಿಜವಾಗಿ ನಷ್ಟವಾಗುವುದೆಷ್ಟು ಎಂದು ಕೆಳಗೆ ಬರೆಯಿರಿ. ಎಸಿ ಹಾಕಿದರೆ ಡ್ರೈವರ್ ಮಲಗುತ್ತಾನೆ ಎನ್ನುವವರಿಗೆ ಮಾತ್ರ ನಾನು ಉತ್ತರಿಸುವುದಿಲ್ಲ.