ಮುರಿದ ಮದುವೆಗೆ ತಪ್ಪಿತಸ್ಥರು ಬೇಕೆ?

ಪ್ರಶ್ನೆ: ಮತ್ತೆ ಕೂಡಿ ಬಾಳಲಾರದಷ್ಟು ದಾಂಪತ್ಯ ಮುರಿದುಬಿದ್ದಿದೆ ಎಂಬುದನ್ನೇ ವಿಚ್ಛೇದನಕ್ಕೆ ಸಾಕಾದ ಕಾರಣವೆಂದು ಹಿಂದೂ ವಿವಾಹ ಕಾಯ್ದೆ ಒಪ್ಪಿಕೊಳ್ಳಬೇಕೆ?

ಪರ

ಒಬ್ಬರು ಮಾತ್ರ ವಿಚ್ಛೇದನ ಬಯಸಿದಾಗ, 1955ರ ಹಿಂದೂ ವಿವಾಹ ಕಾಯ್ದೆಯ 13ನೆಯ ಕಲಮಿನಂತೆ ಅವರು ವ್ಯಭಿಚಾರ, ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ಮತಾಂತರ, ವಾಸಿಯಾಗದ ಮನೋರೋಗ ಮುಂತಾದ ಕಾರಣಗಳಲ್ಲಿ ಒಂದನ್ನಾದರೂ ಸಾಬೀತುಪಡಿಸಬೇಕು. ಸಂಸಾರಗಳು ಮಾತ್ರ ಈ ಪಟ್ಟಿಯ ಪ್ರಕಾರ ಒಡೆಯುವುದಿಲ್ಲ. ಕುಡಿತ, ವರದಕ್ಷಿಣೆಯ ಕಿರುಕುಳ, ಹೊಡೆತಗಳಿಂದ ಮುರಿಯುವ ಮದುವೆಗಳಿಗೆ ಈಗಿನ ಕಾನೂನಿನಲ್ಲೇ ದಾರಿಯಿದೆ. ಆದರೆ ಒಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಊರಿನಲ್ಲಿ ಉಳಿದು ಮಾತೇ ನಿಂತುಹೋದ ಮದುವೆಗೆ, ಸಾಲದ ಕಂತು, ಅತ್ತೆ–ಮಾವಂದಿರ ಆರೈಕೆ, ತವರಿಗೆ ಕೊಟ್ಟ ಹಣ ಇವುಗಳ ಸುತ್ತ ವರ್ಷಗಟ್ಟಲೆ ಜಗಳವಾಡಿ ಕೊನೆಗೆ ಜಗಳಕ್ಕೂ ಶಕ್ತಿಯಿಲ್ಲದಂತಾದ ಮದುವೆಗೆ ಅಲ್ಲಿ ಹೆಸರಿಲ್ಲ.

ಹೆಸರಿಲ್ಲದ್ದರಿಂದ ಇಲ್ಲದ ಕ್ರೌರ್ಯವನ್ನು ಹುಡುಕಬೇಕಾಗುತ್ತದೆ. ಆರೋಪವಿಲ್ಲದೆ ಅರ್ಜಿ ನಿಲ್ಲುವುದಿಲ್ಲವೆಂದು ವಕೀಲರು ತಿಳಿಸಿದ ಮೇಲೆ ಕಕ್ಷಿದಾರರು ಮದುವೆಯ ಮಾರನೆಯ ದಿನದಿಂದಲೇ ನೆನಪು ಕೆದಕತೊಡಗುತ್ತಾರೆ. ಯಾವ ಹಬ್ಬದಂದು ಯಾರು ಏನೆಂದರು, ಬಾಣಂತನದ ಖರ್ಚು ಯಾರು ಕೊಡಲಿಲ್ಲ ಎಂಬುದೆಲ್ಲ ಸಂಖ್ಯೆ ಹಾಕಿದ ಪ್ಯಾರಾಗಳಾಗುತ್ತವೆ. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೋಗಳೇ ನ್ಯಾಯಾಲಯದ ನಿಶಾನೆಗಳಾಗಿ, ಅಂದರೆ ಸಾಕ್ಷ್ಯದ ದಾಖಲೆಗಳಾಗಿ, ಗುರುತಾಗುತ್ತವೆ. ಅವುಗಳ ಹಿಂದೆ ವಾಟ್ಸಾಪ್ ಸಂದೇಶಗಳ ಮುದ್ರಿತ ಪ್ರತಿಗಳು ಸೇರುತ್ತವೆ. ಎದುರುದಾರರ ತಕರಾರಿನಲ್ಲಿ ಇದಕ್ಕಿಂತ ಖಾರವಾದ ಉತ್ತರ ಬರುತ್ತದೆ, ಪಾಟೀಸವಾಲಿನಲ್ಲಿ ನಡತೆಯೇ ಪ್ರಶ್ನೆಯಾಗುತ್ತದೆ. ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆಯೇ ನಡೆಸಬೇಕೆಂದು 22ನೆಯ ಕಲಮು ಹೇಳಿದರೂ, ಅಲ್ಲಿ ಆಡಿದ ಮಾತು ಎರಡೂ ಮನೆಗಳಿಗೆ ಹಿಂದಿರುಗುವುದನ್ನು ಯಾವ ಬಾಗಿಲೂ ತಡೆಯಲಾರದು. ಬೇರೆಯಾದ ಮೇಲೂ ಮಗುವಿನ ಶಾಲೆ, ಜ್ವರ, ಮುಂದೊಂದು ದಿನ ಅದರ ಮದುವೆ ಇವುಗಳಿಗಾಗಿ ಒಟ್ಟಿಗೆ ಕೂರಬೇಕಾದ ಇಬ್ಬರನ್ನು ಹಗೆಗಳನ್ನಾಗಿ ಮಾಡಿ ಕಳಿಸುವ ಈ ವಿಧಾನವೇ, ನನ್ನ ದೃಷ್ಟಿಯಲ್ಲಿ, ಎಷ್ಟೋ ಸಲ ವಿಚ್ಛೇದನಕ್ಕಿಂತ ಹೆಚ್ಚಿನ ಗಾಯವನ್ನು ಮಕ್ಕಳಿಗೆ ಮಾಡುತ್ತದೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನ 1976ರ ತಿದ್ದುಪಡಿಯಿಂದಲೇ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ತೀರ್ಪು ಬರುವವರೆಗೂ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದಾದ್ದರಿಂದ ಆ ಒಪ್ಪಿಗೆ ಸುಲಭವಾಗಿ ಚೌಕಾಸಿಯ ವಸ್ತುವಾಗುತ್ತದೆ. ಮಗುವಿನ ಸುಪರ್ದಿಯನ್ನೋ ಜೀವನಾಂಶವನ್ನೋ ಬಿಟ್ಟುಕೊಟ್ಟರೆ ಮಾತ್ರ ಸಹಿ ಎನ್ನುವವರ ಮುಂದೆ, ಹೊಸ ಬದುಕು ಕಟ್ಟಿಕೊಳ್ಳಲು ಹೊರಟ ಹೆಣ್ಣುಮಗಳೂ ಅಸಹಾಯಕಳೇ.

2023ರ ಮೇ 1ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಸರಿಪಡಿಸಲಾಗದಂತೆ ಮುರಿದ ಮದುವೆಯನ್ನು ಸಂವಿಧಾನದ 142ನೆಯ ವಿಧಿಯ ಅಧಿಕಾರದಿಂದ ತಾನು ರದ್ದುಪಡಿಸಬಹುದೆಂದು ಹೇಳಿತು. ಹೀಗೆ ಕೇಳುವುದು ಹಕ್ಕಲ್ಲ, ಇದಕ್ಕಾಗಿ ನೇರವಾಗಿ ತನ್ನ ಬಳಿಗೆ ಬರುವಂತಿಲ್ಲ ಎಂದೂ ಅದೇ ತೀರ್ಪು ಸ್ಪಷ್ಟಪಡಿಸಿದೆ. ಎಂದರೆ ಕೆಳಗಿನ ನ್ಯಾಯಾಲಯಗಳನ್ನೆಲ್ಲ ದಾಟಿ ದೆಹಲಿಯವರೆಗೆ ಹೋಗುವ ಹಣ ಮತ್ತು ಆಯುಸ್ಸು ಇದ್ದವರಿಗೆ ಸಿಗಬಹುದಾದ ಪರಿಹಾರ, ರಾಯಚೂರಿನ ಅಥವಾ ಚಾಮರಾಜನಗರದ ಕೌಟುಂಬಿಕ ನ್ಯಾಯಾಲಯದಲ್ಲಿ ನಿಂತವರಿಗೆ ಸಿಗುವುದಿಲ್ಲ. ಕಾನೂನು ಆಯೋಗ 1978ರ 71ನೆಯ ವರದಿಯಲ್ಲಿಯೂ 2009ರ 217ನೆಯ ವರದಿಯಲ್ಲಿಯೂ ಈ ಕಾರಣವನ್ನು ಕಾಯ್ದೆಗೆ ಸೇರಿಸಲು ಶಿಫಾರಸು ಮಾಡಿತ್ತು. ಇದು ನಮ್ಮ ನೆಲಕ್ಕೆ ಹೊರಗಿನ ವಿಚಾರವೂ ಅಲ್ಲ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ದೈವದವರ (ಸಮುದಾಯದ ಹಿರಿಯರ) ಮುಂದೆ ಸೋಡಚೀಟಿ (ಬಿಡುಗಡೆಯ ಪತ್ರ) ಬರೆದುಕೊಡುವುದು, ಬಳಿಕ ಉಡಿಕೆಯಾಗಿ ಹೆಣ್ಣು ಮತ್ತೊಂದು ಸಂಸಾರ ಹೂಡುವುದು ಕಾಯ್ದೆಗಿಂತ ಹಳೆಯ ರೂಢಿ; ಅಂಥ ರೂಢಿಯ ಬಿಡುಗಡೆಯನ್ನು 29ನೆಯ ಕಲಮು ಉಳಿಸಿಯೂ ಇದೆ.

ವಿರೋಧ

1963ರಲ್ಲಿ ಮದುವೆಯಾಗಿ, 1996ರಲ್ಲಿ ವಿಚ್ಛೇದನ ಕೇಳಿದ ಪತಿಯೊಬ್ಬರ ಪ್ರಕರಣ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ ಅವರಿಗೆ 89 ವರ್ಷ, ಪತ್ನಿಗೆ 82. ಆ ದಾಂಪತ್ಯ ಎಂದೋ ಮುರಿದಿತ್ತು. ಆದರೂ ವಿಚ್ಛೇದಿತೆಯೆಂಬ ಹಣೆಪಟ್ಟಿಯೊಂದಿಗೆ ಸಾಯಲು ತನಗೆ ಇಷ್ಟವಿಲ್ಲವೆಂದ ಆ ವೃದ್ಧೆಯ ಮಾತಿಗೆ ನ್ಯಾಯಾಲಯ ಬೆಲೆ ಕೊಟ್ಟು ವಿಚ್ಛೇದನ ನಿರಾಕರಿಸಿತು. ಐದು ತಿಂಗಳ ಹಿಂದಷ್ಟೇ ಬಂದ ಸಂವಿಧಾನ ಪೀಠದ ತೀರ್ಪನ್ನು ಮುಂದಿಟ್ಟುಕೊಂಡೇ ಹೀಗೆ ಮಾಡಲು ಸಾಧ್ಯವಾದದ್ದು, ಆ ಅಧಿಕಾರ ವಿವೇಚನೆಗೆ ಸೇರಿದ್ದರಿಂದ. ಕಾಯ್ದೆಯಲ್ಲಿ ಅದನ್ನೇ ಹಕ್ಕಾಗಿ ಬರೆದರೆ ಇಂಥ ಹೆಂಗಸಿನ ಮಾತಿಗೆ ಎಡೆಯಿರುವುದಿಲ್ಲ.

ಇದಕ್ಕಿಂತ ದೊಡ್ಡ ಆತಂಕ ಆಸ್ತಿಯದು. ಗೋವಾದ ನಾಗರಿಕ ಸಂಹಿತೆಯಲ್ಲಿ ಗಂಡ–ಹೆಂಡಿರ ಸ್ವತ್ತು ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು, ಕರ್ನಾಟಕದಲ್ಲಿ ಹಾಗಿಲ್ಲ. ಹದಿನೈದು ವರ್ಷ ಅಡುಗೆ, ಮಕ್ಕಳು, ಅತ್ತೆಯ ಔಷಧಿ, ದನಕರು ಎಲ್ಲ ನೋಡಿಕೊಂಡ ಹೆಂಡತಿ ಹೊರಬರುವಾಗ ಪಹಣಿ ಗಂಡನ ಹೆಸರಿನಲ್ಲಿ, ಮನೆಯ ಕ್ರಯಪತ್ರ ಮಾವನ ಹೆಸರಿನಲ್ಲಿ, ಉಳಿತಾಯವೆಲ್ಲ ಗಂಡನ ಖಾತೆಯಲ್ಲಿರುತ್ತದೆ. ಅವಳಿಗೆ ಉಳಿಯುವುದು ಜೀವನಾಂಶದ ಅರ್ಜಿ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕಹಾಕಬೇಕು, ಇಬ್ಬರೂ ತಮ್ಮ ಆದಾಯ–ಆಸ್ತಿಗಳ ಪ್ರಮಾಣಪತ್ರ ಸಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ದೊಡ್ಡ ಉಪಕಾರ. ಆದರೆ ಆದೇಶ ಕೈಗೆ ಬರುವುದು ಬೇರೆ, ಹಣ ಬರುವುದು ಬೇರೆ. ಜೀವನಾಂಶ ಕೊಡಿಸುವ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಬಾಕಿಯಾದ ಹಣಕ್ಕೆ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಅದರಡಿ ವಾರಂಟು ಹೊರಡದೆಂಬ ಷರತ್ತು ಅಲ್ಲಿಯೂ ಮುಂದುವರಿದಿದೆ. ಕೂಲಿ ಬಿಟ್ಟು, ಬಸ್ಸು ಹತ್ತಿ, ವಾಯಿದೆಯಿಂದ ವಾಯಿದೆಗೆ ತಾಲ್ಲೂಕು ನ್ಯಾಯಾಲಯಕ್ಕೆ ಅಲೆಯುವ ಹೆಂಗಸಿಗೆ ಈ ಒಂದು ವರ್ಷ ಎಷ್ಟು ಬೇಗ ಮುಗಿಯುತ್ತದೆಂಬುದನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇಂಥ ಸ್ಥಿತಿಯಲ್ಲಿ ವಿಚ್ಛೇದನ ಕೊಡದಿರುವ ಹಕ್ಕೊಂದೇ ಅವಳ ಕೈಯಲ್ಲಿರುವ ಬಲ. ಅದನ್ನು ಚೌಕಾಸಿ ಎಂದು ಕರೆಯುವವರು, ಅವಳ ಬಳಿ ಚೌಕಾಸಿಗೆ ಬೇರೇನಿದೆಯೆಂದೂ ಯೋಚಿಸಬೇಕು. ತನ್ನದೇ ತಪ್ಪಿನ ಲಾಭವನ್ನು ಯಾರೂ ಪಡೆಯಬಾರದೆಂದು 23ನೆಯ ಕಲಮು ಹೇಳುತ್ತದೆ. ಹೆಂಡತಿ–ಮಕ್ಕಳನ್ನು ಊರಿನಲ್ಲಿ ಬಿಟ್ಟು, ನಗರದಲ್ಲಿ ಇನ್ನೊಬ್ಬಳೊಂದಿಗೆ ಸಂಸಾರ ಹೂಡಿದವನು ಕೆಲವು ವರ್ಷಗಳ ಬಳಿಕ ಬಂದು ಮದುವೆ ಸತ್ತಿದೆಯೆಂದರೆ ಅದು ನಿಜವೇ ಇರುತ್ತದೆ. ಆದರೆ ಸಾಯಿಸಿದವನು ಅವನೇ. ತಪ್ಪು ಯಾರದೆಂದು ಕೇಳುವುದನ್ನೇ ಬಿಟ್ಟ ಕಾನೂನಿನಲ್ಲಿ, ವರ್ಷಗಳನ್ನು ಎಣಿಸುತ್ತ ಕೂತವನಿಗೇ ಗೆಲುವು.

ಇದರ ಹೊರೆ ಬೀಳುವುದು ತವರಿನ ಮೇಲೆ. ಮಗಳು ಮಕ್ಕಳೊಂದಿಗೆ ಹಿಂತಿರುಗಿದರೆ ಪಿಂಚಣಿಯ ಅಪ್ಪ ಮೊಮ್ಮಕ್ಕಳ ಶಾಲಾ ಶುಲ್ಕಕ್ಕೆ ಹಣ ಹೊಂದಿಸಬೇಕು, ಅಣ್ಣ–ಅತ್ತಿಗೆಯರ ಮನೆಯಲ್ಲಿ ಅವಳು ದಾಕ್ಷಿಣ್ಯದಿಂದ ಬದುಕಬೇಕು, ತಂಗಿಗೆ ಬಂದ ಸಂಬಂಧದವರು ಅಕ್ಕನ ವಿಷಯ ಕೇಳುತ್ತಾರೆ. ಮಕ್ಕಳು ವರ್ಷದ ನಡುವೆ ಶಾಲೆ ಬದಲಿಸುತ್ತಾರೆ.

ಮುರಿದ ಮದುವೆಯನ್ನು ಕಾರಣವಾಗಿಸಲು ಹೊರಟ 2010ರ ಮಸೂದೆಗೆ ಈ ಭಯ ಗೊತ್ತಿತ್ತು. ಮೂರು ವರ್ಷ ಬೇರೆಯಿರಬೇಕೆಂಬ ನಿಯಮದ ಜೊತೆಗೆ, ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಲುಕುವ ಹೆಂಡತಿ ವಿಚ್ಛೇದನವನ್ನು ವಿರೋಧಿಸಬಹುದೆಂದೂ, ಮಕ್ಕಳ ಪೋಷಣೆಗೆ ವ್ಯವಸ್ಥೆಯಾಗದೆ ತೀರ್ಪಿಲ್ಲವೆಂದೂ ಅದರಲ್ಲಿತ್ತು; ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಅಂಶವೂ ಮುಂದೆ ಸೇರಿತು. 2013ರ ಆಗಸ್ಟಿನಲ್ಲಿ ರಾಜ್ಯಸಭೆ ಅದನ್ನು ಅಂಗೀಕರಿಸಿದರೂ, ಮರುವರ್ಷ ಲೋಕಸಭೆಯ ಅವಧಿ ಮುಗಿದಾಗ ಮಸೂದೆ ಬಿದ್ದುಹೋಯಿತು. ಆಸ್ತಿಯ ಪಾಲನ್ನು ಬಿಟ್ಟು ವಿಚ್ಛೇದನದ ಕಾರಣವನ್ನು ಮಾತ್ರ ಎತ್ತಿಕೊಂಡು ಹೊಸ ಮಸೂದೆ ಬಂದರೆ ಅದನ್ನು ವಿರೋಧಿಸಲೇಬೇಕು. ಮೊದಲು ಹೆಂಡತಿಯ ಪಾಲು ಕಾಯ್ದೆಯಲ್ಲಿ ಬರೆಯಲ್ಪಡಲಿ, ಮಕ್ಕಳ ಪೋಷಣೆಯ ಹಣ ತೀರ್ಪಿಗೆ ಮುನ್ನವೇ ನ್ಯಾಯಾಲಯದಲ್ಲಿ ಠೇವಣಿಯಾಗಲಿ. ತಪ್ಪಿತಸ್ಥರಿಲ್ಲದ ವಿಚ್ಛೇದನದ ಮಾತನ್ನು ಆ ಬಳಿಕ ಎತ್ತಬಹುದು.