ಅಪ್ಪಯ್ಯನ ಮೇಜಿನ ಮೇಲೊಂದು ಕ್ಯಾಮೆರಾ

ಮ್ಯೂನಿಕ್‌ಗೆ ಬಂದ ಹೊಸತರಲ್ಲಿ ನನಗೆ ತುಂಬ ಹಿಡಿಸಿದ್ದು ಇಲ್ಲಿಯವರು ವಿಡಿಯೊ ಮೀಟಿಂಗ್‌ಗೆ ಕೂರುವ ರೀತಿ. ಒಂಬತ್ತಕ್ಕೆ ಮೀಟಿಂಗ್ ಅಂದರೆ ಎಂಟು ಐವತ್ತೈದಕ್ಕೇ ಹೆಡ್‌ಸೆಟ್ ಹಾಕಿಕೊಂಡಿರುತ್ತಾರೆ. ಮೈಕ್ ಸರಿ ಇದೆಯಾ, ಮುಖ ಕಾಣುತ್ತಾ ಅಂತ ಮೊದಲೇ ನೋಡಿಕೊಂಡಿರುತ್ತಾರೆ. ರೆಕಾರ್ಡ್ ಮಾಡಬೇಕಾದರೆ ಎಲ್ಲರನ್ನೂ ಕೇಳುತ್ತಾರೆ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಖಾಸಗಿ ಮಾತನ್ನು ರೆಕಾರ್ಡ್ ಮಾಡುವುದು ಜರ್ಮನಿಯಲ್ಲಿ ಅಪರಾಧ.

ತೀರ್ಥಹಳ್ಳಿಯಲ್ಲಿರುವ ನಮ್ಮ ಮನೆಯ ಕರೆಯಲ್ಲಿ ಮೊದಲು ಕರೆ, ಆಮೇಲೆ ತಯಾರಿ. ಅಮ್ಮ ಮೊಬೈಲ್ ಹಿಡಿದರೆ ಅವಳ ಹಣೆ, ಮೇಲೆ ತಿರುಗುವ ಫ್ಯಾನು, ಅಷ್ಟೇ ಕಾಣುತ್ತಿತ್ತು. "ಕೇಳ್ತಾ ಇದ್ಯಾ ಮಗಾ? ಹಲೋ? ನಿನ್ನ ಮುಖ ಕಾಣ್ತಿಲ್ಲ." ಇದರಲ್ಲೇ ಹತ್ತು ನಿಮಿಷ ಹೋಗುತ್ತಿತ್ತು. ಅಷ್ಟರಲ್ಲಿ ಅಪ್ಪಯ್ಯ ಬೇಸರಪಟ್ಟು ಎದ್ದು ತೋಟಕ್ಕೆ ಹೋಗಿರುತ್ತಿದ್ದರು. ಅವರಿಗೀಗ ಎಪ್ಪತ್ತೆಂಟು. ಹೆಚ್ಚೆಂದರೆ ಅರ್ಧ ಗಂಟೆ ಒಂದೇ ಕಡೆ ಕೂತು ಮಾತಾಡುತ್ತಾರೆ. ಅದರಲ್ಲಿ ಹತ್ತು ನಿಮಿಷ ಹಲೋ ಹಲೋಗೆ ಹೋದರೆ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತಿತ್ತು.

ಅದಕ್ಕೇ ಕಳೆದ ರಜೆಯಲ್ಲಿ ಹೋದಾಗ ಹಾಲ್‌ನಲ್ಲಿ ಒಂದು ಡೆಸ್ಕ್‌ಟಾಪ್ ಇಟ್ಟು ಬಂದೆ. ವಯಸ್ಸಾದವರ ಜೊತೆ ಸಾವಕಾಶವಾಗಿ ಮಾತಾಡಬೇಕು ಅಂದರೆ ಮೊಬೈಲಿಗಿಂತ ಇದೇ ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೈ ನೋಯಲ್ಲ. ಮುಖ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ಇಟ್ಟ ಕಡೆ ಇರುತ್ತದೆ.

ಕೂರಿಸುವುದಕ್ಕೆ ಎರಡು ದಿನ ಹಿಡಿಯಿತು. ಮೊದಲನೇ ದಿನ ಧ್ವನಿಯೇ ಇಲ್ಲ. ಸ್ಪೀಕರ್ ಬದಲಿಸಿದೆ, ವೈರ್ ಬದಲಿಸಿದೆ, ಏನೂ ಆಗಲಿಲ್ಲ. ಕಡೆಗೆ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಧ್ವನಿಯೆಲ್ಲ ಮಾನಿಟರ್‌ಗೆ ಹೋಗುತ್ತಿತ್ತು. ಆ ಮಾನಿಟರ್‌ನಲ್ಲಿ ಸ್ಪೀಕರೇ ಇಲ್ಲ! ಚಿತ್ರ, ಧ್ವನಿ ಎರಡನ್ನೂ ಮಾನಿಟರ್‌ಗೆ ಒಯ್ಯುವ ಎಚ್‌ಡಿಎಂಐ ಕೇಬಲ್ ಹಾಕಿದಾಗ ಕಂಪ್ಯೂಟರ್ ಎಷ್ಟೋ ಸಲ ಹೀಗೆ ತಾನೇ ಆರಿಸಿಕೊಂಡುಬಿಡುತ್ತದೆ. ಯಾವ ಮೈಕ್, ಯಾವ ಸ್ಪೀಕರ್ ಅಂತ ನಾವೇ ಹೆಸರು ನೋಡಿ ಆರಿಸಬೇಕು. ಊರಿನ ಕರೆಗಳ ಅರ್ಧ ಗೋಳು ಇದೊಂದರಿಂದಲೇ ಅಂತ ನನಗನಿಸುತ್ತದೆ.

ಆಮೇಲೆ ಬೆಳಕು. ಅಪ್ಪಯ್ಯ ಕೂರುವ ಕುರ್ಚಿಯ ಹಿಂದೆ ದೊಡ್ಡ ಕಿಟಕಿ. ಬೆಳಗ್ಗೆ ಅವರ ಮುಖ ಪೂರ್ತಿ ಕಪ್ಪು, ಹಿಂದಿನ ಅಡಿಕೆ ಮರ ಮಾತ್ರ ಫಳಫಳ. ಮೇಜನ್ನು ತಿರುಗಿಸಿ ಕಿಟಕಿಗೆ ಎದುರಾಗಿ ಇಟ್ಟೆ. ಸ್ಪೀಕರ್‌ನ ಸದ್ದು ಮತ್ತೆ ಮೈಕ್‌ಗೆ ಹೋಗಿ ನನ್ನ ಮಾತು ನನಗೇ ವಾಪಸ್ ಬರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡರೆ ಆ ತೊಂದರೆ ಇಲ್ಲ, ಆದರೆ ಅಮ್ಮನಿಗೆ ಅದು ಬೇಡವೇ ಬೇಡ. ಒಬ್ಬರು ಹಾಕಿಕೊಂಡರೆ ಪಕ್ಕದವರಿಗೆ ಕೇಳೋದೂ ಇಲ್ಲ ಅಲ್ವಾ. ಮೈಕ್, ಸ್ಪೀಕರ್ ಎರಡೂ ಒಂದರಲ್ಲೇ ಇರುವ, ಯುಎಸ್‌ಬಿಗೆ ಸಿಕ್ಕಿಸುವ ಸ್ಪೀಕರ್‌ಫೋನ್ ಇಲ್ಲಿಂದಲೇ ಒಯ್ದಿದ್ದೆ. ಪ್ರತಿಧ್ವನಿಯನ್ನು ಅದೇ ತೆಗೆಯುತ್ತದೆ. ಇಂಟರ್ನೆಟ್‌ಗೆ ವೈಫೈ ಬಿಟ್ಟು ರೂಟರ್‌ನಿಂದ ನೇರ ಕೇಬಲ್ ಎಳೆದೆ. ರೂಟರ್, ಕಂಪ್ಯೂಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಸೇರಿಸಿದೆ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೋ ಹೇಳೋಕಾಗಲ್ಲ.

ಮುಂಚೆ ನಾವು ಸ್ಕೈಪ್ ಬಳಸುತ್ತಿದ್ದೆವು. 2003ರಲ್ಲಿ ಶುರುವಾದ ಅದು 2025ರ ಮೇ ತಿಂಗಳಲ್ಲಿ ನಿಂತುಹೋಯಿತು. ಈಗ ಜಿಟ್ಸಿ ಮೀಟ್ ಅನ್ನುವ ಉಚಿತ ವಿಡಿಯೊ ಕರೆ. ಝೂಮ್‌ನ ಉಚಿತ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ನಮ್ಮ ಚಿಕ್ಕಮ್ಮ ಕತೆ ಶುರು ಮಾಡುವುದೇ ಅರ್ಧ ಗಂಟೆ ಆದಮೇಲೆ. ಜಿಟ್ಸಿ ಬ್ರೌಸರ್‌ನಲ್ಲೇ ನಡೆಯುತ್ತದೆ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಲಾಗಿನ್ ಆಗಿ ಕೋಣೆ, ಅಂದರೆ ಮೀಟಿಂಗ್, ತೆರೆಯುವ ಕೆಲಸ ನನ್ನದು. ಅಪ್ಪಯ್ಯನ ಸ್ಕ್ರೀನ್ ಮೇಲೆ ಆ ಕೋಣೆಯ ಲಿಂಕ್‌ನ ಶಾರ್ಟ್‌ಕಟ್ ಇಟ್ಟು ಕನ್ನಡದಲ್ಲಿ 'ಮಗ' ಅಂತ ಹೆಸರು ಕೊಟ್ಟಿದ್ದೇನೆ. ಅದನ್ನು ಒತ್ತಿದರೆ ಆಯಿತು.

ಸಮಯವನ್ನು ಊರಿನ ಗಡಿಯಾರದ ಲೆಕ್ಕದಲ್ಲಿ ಗೊತ್ತು ಮಾಡಿಕೊಂಡಿದ್ದೇವೆ, ಭಾನುವಾರ ಸಂಜೆ ಐದೂವರೆ. ಇಲ್ಲಿ ಮಾರ್ಚ್, ಅಕ್ಟೋಬರ್‌ನ ಕೊನೇ ಭಾನುವಾರ ಗಡಿಯಾರ ಬದಲಾಗುತ್ತದೆ. ಬೇಸಿಗೆಯಲ್ಲಿ ಊರು ನಮಗಿಂತ ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಮುಂಚೆ ಅಮ್ಮ ಸುಮ್ನೆ ಒಂದು ಗಂಟೆ ಕಾಯುತ್ತಾ ಕೂತಿದ್ದೂ ಉಂಟು. ಲೆಕ್ಕ ಹಾಕುವ ಕಷ್ಟ ನನಗಿರಲಿ, ಅವಳಿಗೆ ಬೇಡ.

ಇಷ್ಟು ಇಲ್ಲಿಯವರಿಂದ ಕಲಿತಿದ್ದು, ಕಲಿತಿದ್ದಕ್ಕೆ ಖುಷಿಯಿದೆ. ಆದರೆ ಇಲ್ಲಿಯ ಎಲ್ಲವನ್ನೂ ಊರಿನ ಕರೆಗೆ ತರಲಾರೆ. ಇಲ್ಲಿ ಮಾತು ಮುಗಿದ ಕೂಡಲೇ ಕೈ ಬೀಸಿ 'ಚೂಸ್' ಅಂದು ಹೋಗುತ್ತಾರೆ. ನಮ್ಮಲ್ಲಿ "ಮತ್ತೆ?" ಅಂದಮೇಲೆ ಇನ್ನೊಂದು ಸುದ್ದಿ ಬರುತ್ತದೆ. "ಇಡ್ಲಾ ಹಾಗಾದ್ರೆ?" ಅಂದಮೇಲೆ ಮತ್ತೊಂದು. ನಡುವೆ ಪಕ್ಕದ ಮನೆಯವರು ಮೊಸರಿಗೆ ಹೆಪ್ಪು ಕೇಳಲು ಬರುತ್ತಾರೆ, ಬಂದವರು ಕ್ಯಾಮೆರಾ ಮುಂದೆ ಬಗ್ಗಿ "ಯಾವಾಗ ಬರೋದು?" ಅನ್ನುತ್ತಾರೆ. ಮಾತಾಡುವವರಷ್ಟೇ ಇರಲಿ ಅಂತ ನಾನ್ಯಾವತ್ತೂ ಹೇಳಲ್ಲ. ಇಲ್ಲೇ ಹುಟ್ಟಿದ ನನ್ನ ಮಗಳು 'ಹೆಪ್ಪು' ಅನ್ನುವ ಮಾತು ಕಲಿತದ್ದೇ ಹಾಗೆ.

ಗದ್ದಲ ತಗ್ಗಿಸುವ ಸೆಟ್ಟಿಂಗ್ ಒಂದಿರುತ್ತದೆ. ಆಫೀಸಿನಲ್ಲಿ ನಾನೂ ಹಾಕಿಕೊಳ್ಳುತ್ತೇನೆ, ಬೇಕೇ ಬೇಕು. ಊರಿನ ಕಂಪ್ಯೂಟರ್‌ನಲ್ಲಿ ಅದನ್ನು ಆಫ್ ಮಾಡಿ ಬಂದಿದ್ದೇನೆ. ಜೂನ್ ತಿಂಗಳಲ್ಲಿ ಅಪ್ಪಯ್ಯ ಮಾತಾಡುವಾಗ ಹಂಚಿನ ಮೇಲೆ ಮಳೆ ಬೀಳೋದು ನನಗೆ ಕೇಳಬೇಕು.