ಆ ಪೆಟ್ಟಿಗೆಯಲ್ಲಿರುವ ದುಡ್ಡು ಯಾರದ್ದು ಸ್ವಾಮಿ?

ಮೊನ್ನೆ ಸಾಲ ಕೊಡುವ ಕಂಪನಿಯೊಂದರ ಸಮಾರಂಭದ ವಿಡಿಯೊ ನೋಡಿದಾಗಿನಿಂದ ತಲೆ ಕೆಟ್ಟಿದೆ. ಕಂಪನಿ ಹೆಸರು ಬೇಡ, ಎಲ್ಲರದ್ದೂ ಒಂದೇ ಭಾಷಣ. ಪರದೆ ಮೇಲೆ ಪಶ್ಚಿಮ ಆಫ್ರಿಕಾದ ಹೆಂಗಸರ ಫೋಟೊ. ಮರದ ನೆರಳು, ಚಾಪೆ, ನಡುವೆ ಮೂರು ಬೀಗ ಜಡಿದ ಕಬ್ಬಿಣದ ಪೆಟ್ಟಿಗೆ. ಕೆಳಗೆ ದಪ್ಪಕ್ಷರದಲ್ಲಿ "ಮೈಕ್ರೋಫೈನಾನ್ಸ್ ಬದಲಿಸಿದ ಬದುಕು". ಚಪ್ಪಾಳೆಯೋ ಚಪ್ಪಾಳೆ.

ಮೈಕ್ರೋಫೈನಾನ್ಸ್ ಅಂತೆ! ಆ ಪೆಟ್ಟಿಗೆಯಲ್ಲಿ ಹೊರಗಿನವರ ಒಂದು ಬಿಡಿಗಾಸೂ ಇರುವುದಿಲ್ಲ. ಬ್ಯಾಂಕಿನದ್ದಿಲ್ಲ, ಸರ್ಕಾರದ್ದಿಲ್ಲ, ವಿದೇಶಿ ದಾನಿಯದ್ದಂತೂ ಇಲ್ಲವೇ ಇಲ್ಲ. ಇರುವುದೆಲ್ಲ ಆ ಚಾಪೆ ಮೇಲೆ ಕೂತ ಹೆಂಗಸರು ವಾರವಾರ ಹಾಕಿದ ಚಿಲ್ಲರೆ. ನನ್ನ ಕೆಲಸ ಗೊತ್ತಿರುವವರು "ಶುರುವಾಯ್ತು ಸಂಘದ ಪುರಾಣ" ಅಂತ ನಗಬಹುದು. ನಗಿ. ಆದರೆ ಇವತ್ತು ಪೂರ್ತಿ ಓದಿ.

ತಮ್ಮ ದುಡ್ಡನ್ನೇ ಕೂಡಿಟ್ಟು ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಈ ಪದ್ಧತಿ ಹುಟ್ಟಿದ್ದು 1991ರಲ್ಲಿ, ನೈಜರ್ ದೇಶದ ಮರಾಡಿ ಸೀಮೆಯಲ್ಲಿ. (ನೈಜೀರಿಯಾ ಅಲ್ಲ ಮಾರಾಯ್ರೇ, ಅದರ ಉತ್ತರಕ್ಕಿರುವ ನೈಜರ್.) ಸಜ್ಜೆ, ಅಲಸಂದೆ, ಕಡಲೆಕಾಯಿ ಬೆಳೆಯುವ ಒಣಭೂಮಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದಷ್ಟೇ ಮಳೆ. ಅಲ್ಲಿನ ಹೌಸಾ ಜನಾಂಗದ ಹೆಂಗಸರಲ್ಲಿ ಅದಾಶಿ ಎಂಬ ಪದ್ಧತಿ ಮೊದಲೇ ಇತ್ತು. ನಮ್ಮ ಕೈಚೀಟಿಯದೇ ಜಾತಿ: ಎಲ್ಲರೂ ಹಾಕುವುದು, ಸರದಿಯಂತೆ ಒಬ್ಬಳು ಎತ್ತುವುದು. ಅದರ ತೊಂದರೆ ಚೀಟಿ ಹಾಕಿದವರಿಗೆಲ್ಲ ಗೊತ್ತು. ಮಗುವಿಗೆ ಜ್ವರ ಬಂದ ವಾರ ನಿಮ್ಮ ಸರದಿ ಇರುವುದಿಲ್ಲ, ಸರದಿ ಬಂದಾಗ ದುಡ್ಡಿನ ತುರ್ತು ಇರುವುದಿಲ್ಲ. ಕೇರ್ ಎಂಬ ಅಂತಾರಾಷ್ಟ್ರೀಯ ನೆರವು ಸಂಸ್ಥೆಯಲ್ಲಿದ್ದ ನಾರ್ವೆಯ ಮೊಯ್ರಾ ಎಕ್ನೆಸ್ ಆ ಹೆಂಗಸರ ಜೊತೆ ಕೂತು ಮಾಡಿದ ಬದಲಾವಣೆ ಇಷ್ಟೇ: ಕೂಡಿದ ದುಡ್ಡನ್ನು ಒಬ್ಬಳ ಕೈಗೆ ಕೊಡಬೇಡಿ, ಒಟ್ಟಿಗೇ ಇಡಿ, ಬೇಕಾದವರು ಅದರಿಂದ ಸಾಲ ತಗೊಳ್ಳಲಿ, ಬಡ್ಡಿ ಅದೇ ಗಂಟಿಗೆ ಬೀಳಲಿ. ಮಾತಾ ಮಾಸು ದುಬಾರಾ, ಅಂದರೆ ಉಪಾಯಗಾತಿಯರು, ಎಂದು ಗುಂಪುಗಳಿಗೆ ಹೆಸರಾಯಿತು. ಸಂಸ್ಥೆ ಕೊಟ್ಟಿದ್ದು ತರಬೇತಿ, ಬಂಡವಾಳ ಅಲ್ಲ. ಈ ಗೆರೆಯನ್ನೇ ಆ ವಿಡಿಯೊದವರು ಒರೆಸಿ ಹಾಕಿದ್ದು.

ಮೊದಲ ಗುಂಪುಗಳಲ್ಲಿ ಪುಸ್ತಕವೇ ಇರಲಿಲ್ಲ. ಓದು ಬರದ ಹೆಂಗಸರು, ಲೆಕ್ಕವೆಲ್ಲ ಬಾಯಿಪಾಠ, ಎಲ್ಲರೂ ಹಾಕುತ್ತಿದ್ದದ್ದು ಒಂದೇ ಮೊತ್ತ. ಒಬ್ಬಳು ಹೆಚ್ಚು, ಒಬ್ಬಳು ಕಡಿಮೆ ಹಾಕುವ ಪಾಲಿನ ಪದ್ಧತಿ ಮತ್ತು ಮುದ್ರೆ ಒತ್ತುವ ಪಾಸ್‌ಬುಕ್ ಬಂದಿದ್ದು ಆಮೇಲೆ. ಈಗ ಹೆಚ್ಚಿನ ದೇಶಗಳಲ್ಲಿ ನಡೆಯುವುದು ಈ ಎರಡನೇ ಬಗೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡಿ.

15ರಿಂದ 25 ಜನ, ಅವರವರೇ ಆರಿಸಿಕೊಂಡವರು. ಹೊರಗಿನವರು ಪಟ್ಟಿ ಮಾಡಿಕೊಟ್ಟ ಗುಂಪು ಒಡೆಯುವುದು ಬೇಗ. ಪಾಲಿನ ಬೆಲೆಯನ್ನು ಗುಂಪೇ ಗೊತ್ತು ಮಾಡುತ್ತದೆ, ವರ್ಷದ ನಡುವೆ ಬದಲಿಸುವಂತಿಲ್ಲ. ಪ್ರತಿ ಸಭೆಯಲ್ಲಿ ಒಬ್ಬಳು 1ರಿಂದ 5 ಪಾಲು ಕೊಳ್ಳಬಹುದು. ಪಾಸ್‌ಬುಕ್ಕಿನ ಪ್ರತಿ ಸಾಲಿನಲ್ಲೂ ಐದು ಮನೆ. ಮೂರು ಪಾಲು ಕೊಂಡರೆ ಮೂರು ಮನೆಗೆ ಮುದ್ರೆ, ಉಳಿದೆರಡಕ್ಕೆ ಅಲ್ಲೇ ಅಡ್ಡಗೆರೆ. ಈ ಅಡ್ಡಗೆರೆ ಹಾಕದೆ ಬಿಟ್ಟರೆ ನಾಳೆ ಯಾರೋ ಖಾಲಿ ಮನೆಗೆ ಮುದ್ರೆ ಒತ್ತಿದರೂ ಗೊತ್ತಾಗುವುದಿಲ್ಲ. ಪಾಸ್‌ಬುಕ್, ಮುದ್ರೆ, ಶಾಯಿ ಪ್ಯಾಡು ಎಲ್ಲ ಪೆಟ್ಟಿಗೆಯೊಳಗೇ ಇರಬೇಕು. ಪಾಸ್‌ಬುಕ್ ಮನೆಗೆ ಹೋಯಿತೋ, ಕಳೆಯುವುದು, ನೆನೆಯುವುದು, ಗಂಡ ತೆರೆದು ನೋಡುವುದು, ಎಲ್ಲ ಶುರು.

ಪೆಟ್ಟಿಗೆ ಒಬ್ಬಳ ಮನೆಯಲ್ಲಿ. ಮೂರು ಬೀಗದ ಕೈ ಬೇರೆ ಮೂವರ ಹತ್ತಿರ, ಅವರು ಪದಾಧಿಕಾರಿಗಳಾಗಿರಬಾರದು. ಮೂವರೂ ಬಂದರೆ ಮಾತ್ರ ಪೆಟ್ಟಿಗೆ ತೆರೆಯುತ್ತದೆ, ಅದೂ ಸಭೆಯಲ್ಲಿ, ಎಲ್ಲರ ಕಣ್ಣೆದುರು. ಇಬ್ಬರು ದುಡ್ಡು ಎಣಿಸುವವರು. ಸಭೆ ಮುಗಿಯುವ ಮುಂಚೆ ಸಾಲದ ಚೀಲದಲ್ಲಿ ಇಷ್ಟಿದೆ, ಕಷ್ಟದ ನಿಧಿಯ ಚೀಲದಲ್ಲಿ ಇಷ್ಟಿದೆ ಎಂದು ಕೂಗಿ ಹೇಳುತ್ತಾರೆ. ಆ ಮೊತ್ತ ಎಲ್ಲರಿಗೂ ನೆನಪಿರಬೇಕು. ಮುಂದಿನ ವಾರ ಚೀಲ ಬಿಚ್ಚುವ ಮುಂಚೆ "ಎಷ್ಟಿತ್ತು?" ಎಂಬ ಪ್ರಶ್ನೆ, ಉತ್ತರ ಬಂದ ಮೇಲೆ ಎಣಿಕೆ. ಅಕ್ಷರ ಬರದವಳೂ ಇಲ್ಲಿ ಆಡಿಟರ್. ನಮ್ಮಲ್ಲಿ ಎಷ್ಟೋ ಸಂಘಗಳ ಸದಸ್ಯೆಯರನ್ನು "ಖಾತೆಯಲ್ಲಿ ಎಷ್ಟಿದೆ ಅಕ್ಕ?" ಅಂತ ಕೇಳಿ ನೋಡಿ. "ಮೇಡಂ ಹತ್ರ ಪುಸ್ತಕ ಐತೆ" ಅನ್ನುತ್ತಾರೆ.

ಸಾಲ ಕೊಡುವುದು ಸುಮಾರು ಮೂರು ತಿಂಗಳು ಉಳಿಸಿದ ಮೇಲೆ, ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ. ಮಿತಿ, ಅವಳು ಉಳಿಸಿದ್ದರ ಮೂರು ಪಟ್ಟು. ವಾಪಸಿಗೆ ಮೊದಲ ವರ್ಷ ಮೂರು ತಿಂಗಳ ಗಡುವು. ಕಡಲೆಕಾಯಿ ಕೊಂಡು ಎಣ್ಣೆ ಹಿಂಡಿ ಮಾರುವವಳಿಗೆ ಅಷ್ಟು ಧಾರಾಳ ಸಾಕು. ಬಕ್ರೀದಿಗೆ ಟಗರು ಮೇಯಿಸಿ ಮಾರುವವಳು ಮಾತ್ರ ಹಬ್ಬದಿಂದ ಹಿಂದಕ್ಕೆ ಎಣಿಸಿ ಸಾಲ ಕೇಳಬೇಕು. ಹಬ್ಬ ಪ್ರತಿ ವರ್ಷ ಹತ್ತು-ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಅದನ್ನು ಮರೆತರೆ ಟಗರು ಕೊಬ್ಬುವ ಮೊದಲೇ ಕಂತು ಬಂದು ನಿಲ್ಲುತ್ತದೆ. ಕಷ್ಟದ ನಿಧಿ ಬೇರೆ. ಎಲ್ಲರೂ ಸಮನಾಗಿ ಹಾಕುವುದು, ಕಾಯಿಲೆ ಸಾವು ನೋವಿಗೆ ಕೊಡುವುದು, ಬಡ್ಡಿಯ ಮಾತಿಲ್ಲ.

ಇನ್ನು ವರ್ಷದ ಕೊನೆಯ ಹಂಚಿಕೆ. ಇದೇ ಇಡೀ ಪದ್ಧತಿಯ ಪ್ರಾಣ. 9ರಿಂದ 12 ತಿಂಗಳಿಗೆ ಸಾಲವೆಲ್ಲ ವಾಪಸ್, ಪೆಟ್ಟಿಗೆ ಖಾಲಿ, ಎಲ್ಲರಿಗೂ ಪಾಲಿನ ಪ್ರಕಾರ ಹಣ. ಲೆಕ್ಕಕ್ಕೆ ಇಟ್ಟುಕೊಳ್ಳಿ: ಒಂದು ಪಾಲಿಗೆ 100 ಫ್ರಾಂಕ್ (ನಮ್ಮ ಸುಮಾರು 15 ರೂಪಾಯಿ), 25 ಜನ, ಸರಾಸರಿ ವಾರಕ್ಕೆ ಮೂರು ಪಾಲು, 40 ವಾರ. ಒಟ್ಟು 3,000 ಪಾಲು, 3,00,000 ಫ್ರಾಂಕ್. ಬಡ್ಡಿ, ದಂಡ ಸೇರಿ 60,000 ಕೂಡಿತು ಅನ್ನಿ. 3,60,000 ಭಾಗಿಸು 3,000, ಪಾಲಿಗೆ 120. ಮುದ್ರೆ 150 ಇದ್ದವಳು 18,000 ಎಣಿಸಿಕೊಂಡು ಮನೆಗೆ ಹೋಗುತ್ತಾಳೆ. ಸುಗ್ಗಿಯ ಹೊತ್ತಿಗೆ ಹಂಚಿಕೆ ಇಟ್ಟುಕೊಂಡ ಗುಂಪಿನವರು ಅಗ್ಗದ ಸಜ್ಜೆ ಕೊಂಡು ಹಸಿವಿನ ತಿಂಗಳುಗಳಿಗೆ ಎತ್ತಿಡುತ್ತಾರೆ. ಮಳೆಗೆ ಮುಂಚೆ ಇಟ್ಟುಕೊಂಡವರಿಗೆ ಬೀಜದ ಖರ್ಚು ಕಳೆಯುತ್ತದೆ.

"ಪ್ರತಿ ವರ್ಷ ಹಂಚಿಬಿಟ್ಟರೆ ಬಂಡವಾಳ ಬೆಳೆಯುವುದು ಯಾವಾಗ?" ಅಂತ ಓದಿದವರೇ ಕೇಳುತ್ತಾರೆ. ಬೆಳೆಯದಿರಲಿ ಬಿಡಿ! ಹಂಚದೆ ಐದು ವರ್ಷ ಗುಡ್ಡೆ ಹಾಕಿದ ಲೆಕ್ಕವನ್ನು ಆ ಚಾಪೆ ಮೇಲಿನವರು ಯಾರೂ ಬಿಡಿಸಲಾರರು, ಬಿಡಿಸಬಲ್ಲ ಒಬ್ಬಳೇ ಯಜಮಾನಿಯಾಗುತ್ತಾಳೆ. ವರ್ಷಕ್ಕೊಮ್ಮೆ ಸೊನ್ನೆಗೆ ಬಂದರೆ ತಪ್ಪಿದ್ದು ಅಲ್ಲೇ ಸಿಕ್ಕಿಬೀಳುತ್ತದೆ, ಬೇಡದವಳು ಮರ್ಯಾದೆಯಿಂದ ಹೊರಗೆ ಹೋಗಬಹುದು, ಸಾಲ ತೀರಿಸದವಳನ್ನು ಮುಂದಿನ ವರ್ಷಕ್ಕೆ ಕರೆಯದೆ ಇರಬಹುದು.

ಕೆಡುವ ಜಾಗಗಳೂ ಇವೆ. ಅನುಕೂಲಸ್ಥೆಯ ಮಾತು ಕೇಳಿ ಪಾಲಿನ ಬೆಲೆ ಜಾಸ್ತಿ ಇಟ್ಟರೆ, ಬಡವಿ ಬರಗಾಲದ ವಾರಗಳಲ್ಲಿ ಒಂದು ಪಾಲೂ ಕೊಳ್ಳಲಾರದೆ ಸಭೆಗೆ ಬರುವುದನ್ನೇ ಬಿಡುತ್ತಾಳೆ. ಅತ್ಯಂತ ಕಷ್ಟದ ತಿಂಗಳಲ್ಲಿ ಅತ್ಯಂತ ಬಡವಿ ಏನು ಹಾಕಬಲ್ಲಳೋ ಅದೇ ಒಂದು ಪಾಲಿನ ಬೆಲೆ ಆಗಬೇಕು. ಪೆಟ್ಟಿಗೆ ಇಟ್ಟುಕೊಂಡವಳೂ ಬೀಗದ ಕೈಯವಳೂ ಒಂದೇ ಮನೆಯವರಾದರೆ ಮೂರು ಬೀಗವೂ ಬೊಂಬೆ ಬೀಗ. ಬಿತ್ತನೆಗೆ ಮುಂಚೆ ಎಲ್ಲರೂ ಒಟ್ಟಿಗೇ ಸಾಲ ಕೇಳುತ್ತಾರೆ, ಆಗ ಎಲ್ಲರದ್ದನ್ನೂ ಸ್ವಲ್ಪ ಸ್ವಲ್ಪ ಕಡಿಮೆ ಮಾಡಬೇಕೇ ಹೊರತು ಅಧ್ಯಕ್ಷೆಯ ತಂಗಿಗೆ ಪೂರ್ತಿ ಕೊಡುವುದಲ್ಲ. ಸಾಲ ಹೆಂಡತಿ ಹೆಸರಲ್ಲಿ, ದುಡ್ಡು ಗಂಡನ ಜೇಬಲ್ಲಿ ಅನ್ನುವ ರೋಗ ಅಲ್ಲೂ ಇದೆ. ಹಂಚಿಕೆಗೆ ಮುಂಚಿನ ವಾರಗಳಲ್ಲಿ ಪೆಟ್ಟಿಗೆ ತುಂಬಿರುತ್ತದೆ, ಊರಿಗೆಲ್ಲ ಗೊತ್ತೂ ಇರುತ್ತದೆ. ಕಳ್ಳತನದ ಭಯ ನಿಜ.

ಆದರೆ ಎಲ್ಲಕ್ಕಿಂತ ದೊಡ್ಡ ರೋಗ ಹೊರಗಿನ ದುಡ್ಡು. ಚೆನ್ನಾಗಿ ನಡೆಯುವ ಗುಂಪು ಕಂಡರೆ ಸಾಕು, "ನಿಮ್ಮ ನಿಧಿಗೆ ನಾವೂ ಸೇರಿಸ್ತೀವಿ" ಅಂತ ಬರುತ್ತಾರೆ ಪುಣ್ಯಾತ್ಮರು. ಪಕ್ಕದ ಮನೆಯವಳ ದುಡ್ಡು ತಿಂದರೆ ಬಾವಿಕಟ್ಟೆಯಲ್ಲಿ ಮುಖ ತೋರಿಸಲಾಗದು. ದಾನಿಯ ದುಡ್ಡು ತಿಂದರೆ ಯಾರಿಗೆ ನಾಚಿಕೆ? ಇನ್ನು ಬಂದದ್ದು ದಾನವಲ್ಲ, ಸಾಲವೇ ಆಗಿದ್ದರೆ ಒಬ್ಬಳು ತಪ್ಪಿದ್ದಕ್ಕೆ ಎಲ್ಲರ ಉಳಿತಾಯ ಜಾಮೀನು. ಇದಕ್ಕೇ ನಾನು ಆ ವಿಡಿಯೊಗೆ ಉರಿದುಕೊಂಡಿದ್ದು.

ಹಾ, ಬಡ್ಡಿ. "ತಿಂಗಳಿಗೆ ಶೇ. 5, ಶೇ. 10 ಅಂತೆ, ನಿಮ್ಮ ಉಪಾಯಗಾತಿಯರೂ ಮೀಟರ್ ಬಡ್ಡಿಯವರೇ ಅಲ್ವಾ?" ಅಂತ ಒಬ್ಬರು ಕುಟುಕಿದ್ದಾರೆ. ಅಲ್ಲ. ಕಟ್ಟಿದ ಬಡ್ಡಿ ವರ್ಷದ ಕೊನೆಗೆ ಕಟ್ಟಿದವಳ ಪಾಲಿಗೂ ಸೇರಿ ಬರುತ್ತದೆ. ಪಾಲು ಕಡಿಮೆ, ಸಾಲ ಜಾಸ್ತಿ ಇರುವವಳು ಪಾಲು ಜಾಸ್ತಿ ಇರುವವಳನ್ನು ಸಾಕುತ್ತಾಳೆ ಎಂಬ ಟೀಕೆಯಲ್ಲಿ ಹುರುಳಿದೆ, ಅದಕ್ಕೇ ಐದು ಪಾಲಿನ ಮಿತಿ. ಘಾನಾ, ಮಲಾವಿ, ಉಗಾಂಡಾಗಳ ಇಂಥ ಗುಂಪುಗಳ ಮೇಲಿನ ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಉಳಿತಾಯ, ಸಾಲದ ಅನುಕೂಲ, ಸಣ್ಣ ವ್ಯಾಪಾರ, ಮನೆಯಲ್ಲಿ ಹೆಂಗಸಿನ ಮಾತಿಗೆ ಬೆಲೆ, ಇವೆಲ್ಲ ಸುಧಾರಿಸಿದ್ದು ಕಂಡಿತು; ಮನೆಯ ಒಟ್ಟು ಖರ್ಚಿನಲ್ಲಿ ಗಮನಿಸುವಂಥ ಏರಿಕೆ ಕಾಣಲಿಲ್ಲ. ಬಡತನ ಓಡಿಹೋಯಿತು ಅಂತ ನಾನೂ ಹೇಳುತ್ತಿಲ್ಲ. ಹಾಗೆ ಹೇಳುವುದು ಆ ಸಾಲದ ಕಂಪನಿಯವರು.

ನಮ್ಮ ಕಥೆ? ನೈಜರ್‌ನಲ್ಲಿ ಇದು ಶುರುವಾದ ಮರುವರ್ಷ, 1992ರಲ್ಲಿ, ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು. ಅದಕ್ಕೂ ಮುಂಚೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ದಾರಿ ಹಾಕಿತ್ತು. ಬ್ಯಾಂಕ್ ಸಾಲದಿಂದ ಒಳ್ಳೆಯದಾಗಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದೇ ಗುಂಪು, ಅದೇ ವಾರದ ಸಭೆ, ಅದೇ ಒಬ್ಬರಿಗೊಬ್ಬರ ಜಾಮೀನು, ಇದನ್ನೆಲ್ಲ ಖಾಸಗಿ ಸಾಲದವರು ಎತ್ತಿಕೊಂಡು ಉಳಿತಾಯವನ್ನು ಮಾತ್ರ ಕಿತ್ತು ಬಿಸಾಕಿದರು. ಕೊನೆಗೆ ವಸೂಲಿ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಇಷ್ಟಾದ ಮೇಲೂ ಮರಾಡಿಯ ಪೆಟ್ಟಿಗೆಯ ಫೋಟೊ ಇಟ್ಟು ಚಪ್ಪಾಳೆ ಗಿಟ್ಟಿಸಲು ಎಷ್ಟು ಧೈರ್ಯ ಬೇಕು!

ದುಡ್ಡಿಗಿಂತ ಆಚೆಯ ವಿಷಯ ಒಂದಿದೆ, ಅದನ್ನು ಯಾರೂ ಪರದೆ ಮೇಲೆ ಹಾಕುವುದಿಲ್ಲ. ಇಂಥ ಗುಂಪುಗಳಲ್ಲಿ ಪ್ರತಿ ಹಂಚಿಕೆಯಾದ ಮೇಲೆ ಹೊಸ ಚುನಾವಣೆ. ಒಂದೊಂದು ಸ್ಥಾನಕ್ಕೆ ಕನಿಷ್ಠ ಇಬ್ಬರು ನಿಲ್ಲಬೇಕು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಚೀಲ, ಮರೆಗೆ ಹೋಗಿ ಕಲ್ಲು ಹಾಕಿ ಬರುವುದು. ನೈಜರ್‌ನಲ್ಲಿ 2000ದಲ್ಲಿ ಮಹಿಳಾ ಮೀಸಲಾತಿ ಕಾನೂನು ಬಂತು, ಚುನಾಯಿತ ಸ್ಥಾನಗಳಲ್ಲಿ ಶೇ. 10. ಪಕ್ಷಗಳು "ಹೆಂಗಸರು ಎಲ್ಲಿ ಸಿಗ್ತಾರೆ?" ಅಂತ ರಾಗ ಎಳೆಯುವಂತಿರಲಿಲ್ಲ. 2004ರ ಸ್ಥಳೀಯ ಚುನಾವಣೆಯಲ್ಲಿ ಈ ಗುಂಪುಗಳ ಹೆಂಗಸರು ನಿಂತರು, ಗೆದ್ದು ಪುರಸಭೆಗಳಿಗೂ ಹೋದರು. ಮತ ಕೇಳುವುದು, ಸೋಲುವುದು, ಲೆಕ್ಕ ಒಪ್ಪಿಸುವುದು, ಎದ್ದು ನಿಂತು "ಇಷ್ಟಿತ್ತು, ಇಷ್ಟು ಕಮ್ಮಿ ಇದೆ, ಎಲ್ಲಿ ಹೋಯ್ತು?" ಅಂತ ಕೇಳುವುದು ಅವರಿಗೆ ರೂಢಿಯಾಗಿತ್ತು. ಗಂಡಸರು ತುಂಬಿದ ಸಭೆಯಲ್ಲಿ ಇದಕ್ಕಿಂತ ಹೆಚ್ಚಿನ ತರಬೇತಿ ಏನು ಬೇಕು?

ಈಗ ಪೂರ್ವ ಆಫ್ರಿಕಾದ ಕಡೆ ಪೆಟ್ಟಿಗೆಯ ಬದಲು ಮೊಬೈಲ್ ಹಣದ ಗುಂಪು ಖಾತೆ ಬಂದಿದೆ. ಮೂರು ಬೀಗದ ಕೈ ಬದಲು ಮೂವರ ಪಿನ್. ಕಳ್ಳರ ಕಾಟ ತಪ್ಪುತ್ತದೆ, ಒಪ್ಪಿದೆ. ಆದರೆ ಕಂಪನಿಯವರು ಮೊದಲು ಕೈ ಹಾಕುವುದು ಅಲ್ಲೇ: "ನಿಮ್ಮ ಗುಂಪಿನ ವ್ಯವಹಾರ ಚೆನ್ನಾಗಿದೆ, ಇಷ್ಟು ಸಾಲಕ್ಕೆ ಅರ್ಹರಾಗಿದ್ದೀರಿ" ಎಂಬ ಮೆಸೇಜು ಬರಲು ಎಷ್ಟು ಹೊತ್ತು? ಈ ವಿಷಯದಲ್ಲಿ ನನ್ನ ಅನುಮಾನ ಇನ್ನೂ ಹೋಗಿಲ್ಲ. ಆ ಕಡೆ ಕೆಲಸ ಮಾಡಿದವರು ಕಾಮೆಂಟಿನಲ್ಲಿ ಬರೆಯಿರಿ. ಸಾಲದ ಕಂಪನಿಯವರ ಪರ ವಕಾಲತ್ತು ಮಾಡುವವರು ದಯವಿಟ್ಟು ನಿಮ್ಮ ಗೋಡೆ ಮೇಲೇ ಬರೆದುಕೊಳ್ಳಿ.